ನೆಲ ಬಿಡದೆ ಹಾರಲು ಕಲಿಸಿದ ಎಡ್ವಿನ್ ಲಿಂಕ್

ಕೊಳ್ಳೇಗಾಲದಿಂದ ಹೊರಟ ಬಸ್ಸು ಹನೂರು ದಾಟಿ ತಾಳಬೆಟ್ಟದ ಬಳಿ ಘಟ್ಟ ಹತ್ತತೊಡಗಿದೊಡನೆ ಪ್ರಯಾಣಿಕರ ಮಾತು ಕಡಿಮೆಯಾಗುತ್ತದೆ. ಒಂದು ಬದಿಗೆ ಬೆಟ್ಟ, ಇನ್ನೊಂದು ಬದಿಗೆ ಕಣಿವೆ. ಮಲೆ ಮಹದೇಶ್ವರ ಬೆಟ್ಟದ ಈ ದಾರಿಯಲ್ಲಿ ಚಾಲಕ ತಿರುವಿನಿಂದ ತಿರುವಿಗೆ ಸ್ಟಿಯರಿಂಗ್ ಎಳೆಯುವುದನ್ನು ಮುಂದಿನ ಸೀಟಿನ ಹುಡುಗರು ಕಣ್ಣು ಮಿಟುಕಿಸದೆ ನೋಡುತ್ತಾರೆ. ಯಳಂದೂರಿನಿಂದ ಕಾಡಿನ ನಡುವೆ ಬಿಳಿಗಿರಿರಂಗನ ಬೆಟ್ಟಕ್ಕೆ ಏರುವ ರಸ್ತೆಯಲ್ಲೂ ಕಾಣುವುದು ಇದೇ ದೃಶ್ಯ.

ಈ ಬೆರಗು ಬಸ್ಸಿನಿಂದ ಇಳಿದ ಮೇಲೆ ಮನೆಯ ಪರದೆಯ ಮೇಲೆ ಮುಂದುವರಿಯುತ್ತದೆ. 2017ರಲ್ಲಿ ಇಂಡೋನೇಷ್ಯಾದಲ್ಲಿ ತಯಾರಾದ ಬಸ್ ಸಿಮ್ಯುಲೇಟರ್ ಆಟವೊಂದಕ್ಕೆ ನಮ್ಮ ಕೆಎಸ್‌ಆರ್‌ಟಿಸಿ ಬಸ್ಸುಗಳ ಬಣ್ಣ ತೊಡಿಸಿ, ಗಂಟೆಗಟ್ಟಲೆ ಘಟ್ಟದ ರಸ್ತೆಗಳಲ್ಲಿ ಓಡಿಸುವ ಯುವಕರು ರಾಜ್ಯದೆಲ್ಲೆಡೆ ಇದ್ದಾರೆ. 2020ರಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಅಂತೂ ಉಪಗ್ರಹ ಚಿತ್ರಗಳ ನೆರವಿನಿಂದ ಇಡೀ ಭೂಮಂಡಲವನ್ನೇ ಮೇಜಿನ ಮೇಲೆ ತಂದಿಟ್ಟಿತು. ಅದರಲ್ಲಿ ಕಾವೇರಿಯ ಗುಂಟ ಹಾರಿ, ಕೊಳ್ಳೇಗಾಲದ ಮೇಲಿಂದ ತಿರುಗಿ, ಬಿಳಿಗಿರಿಯ ಬೆಟ್ಟಸಾಲನ್ನು ಬಳಸಿ ಬರಬಹುದು. ಕಣಿವೆಗೆ ಬಿದ್ದರೂ ಜೀವಹಾನಿಯಿಲ್ಲ. ಒಂದು ಗುಂಡಿ ಒತ್ತಿದರೆ ಎಲ್ಲವೂ ಮತ್ತೆ ಮೊದಲಿನಿಂದ.

ತಪ್ಪು ಮಾಡಿಯೂ ಬದುಕಿ ಉಳಿಯಬಹುದಾದ ಇಂಥದೊಂದು ತಾಣವನ್ನು ಜಗತ್ತಿಗೆ ಕೊಟ್ಟವರಲ್ಲಿ ಅಗ್ರಗಣ್ಯರು ಅಮೆರಿಕದ ಎಡ್ವಿನ್ ಆಲ್ಬರ್ಟ್ ಲಿಂಕ್. ಅವರು ಎಂಜಿನಿಯರಿಂಗ್ ಪದವೀಧರರಲ್ಲ, ಪಿಯಾನೊ ಕಾರ್ಖಾನೆಯಲ್ಲಿ ಕೆಲಸ ಕಲಿತವರು. ಅವರ ಜೀವನಗಾಥೆ ಎಷ್ಟು ರೋಚಕವೋ ಅಷ್ಟೇ ದುಃಖದ್ದು ಕೂಡ.

ಪಿಯಾನೊ ಕಾರ್ಖಾನೆಯ ಹುಡುಗ

ಲಿಂಕ್ ಜನಿಸಿದ್ದು 1904ರ ಜುಲೈ 26ರಂದು, ಇಂಡಿಯಾನಾ ರಾಜ್ಯದ ಹಂಟಿಂಗ್ಟನ್ ಎಂಬಲ್ಲಿ. ಅವರು ಆರು ವರ್ಷದ ಬಾಲಕನಾಗಿದ್ದಾಗ ಕುಟುಂಬ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಂಟನ್ ಪಟ್ಟಣಕ್ಕೆ ಬಂದು ನೆಲೆಸಿತು. ತಂದೆ ಅಲ್ಲಿ ದಿವಾಳಿಯಾಗಿದ್ದ ಸಂಗೀತ ಯಂತ್ರಗಳ ಕಾರ್ಖಾನೆಯೊಂದನ್ನು ಕೊಂಡು, ತಾನಾಗಿ ನುಡಿಯುವ ಪಿಯಾನೊಗಳನ್ನೂ ಚಿತ್ರಮಂದಿರಗಳಿಗೆ ಬೇಕಾದ ದೊಡ್ಡ ಆರ್ಗನ್‌ಗಳನ್ನೂ ತಯಾರಿಸತೊಡಗಿದರು. ಅದು ಮೂಕಿ ಚಿತ್ರಗಳ ಕಾಲ. ತೆರೆಯ ಮೇಲೆ ಚಿತ್ರ ಓಡುತ್ತಿದ್ದರೆ ಪಕ್ಕದಲ್ಲಿ ಆರ್ಗನ್ ನುಡಿಯಬೇಕಿತ್ತು.

ಈ ವಾದ್ಯಗಳ ಜೀವಾಳ ಗಾಳಿ. ನಮ್ಮ ಹಾರ್ಮೋನಿಯಂ ನುಡಿಸುವವರಿಗೂ ಕುಲುಮೆಯ ಮುಂದೆ ಕುಳಿತವರಿಗೂ ತಿದಿಯ ಕೆಲಸವೇನೆಂದು ವಿವರಿಸಬೇಕಾಗಿಲ್ಲ. ಲಿಂಕ್ ಕಾರ್ಖಾನೆಯ ಯಂತ್ರಗಳಲ್ಲಿ ತೂತು ಕೊರೆದ ಕಾಗದದ ಸುರುಳಿಯೊಂದು ಸರಿಯುತ್ತಿತ್ತು. ಯಾವ ತೂತು ಎದುರಾಗುವುದೋ ಅದಕ್ಕೆ ಸಂಬಂಧಿಸಿದ ಕವಾಟ ತೆರೆದು, ಪುಟ್ಟ ತಿದಿಯೊಂದು ಕುಗ್ಗಿ, ಪಿಯಾನೊ ತಾನಾಗಿ ನುಡಿಯುತ್ತಿತ್ತು. ಗಾಳಿಯನ್ನು ಎಳೆದು, ಬಿಟ್ಟು, ಅದರಿಂದ ಬೇಕಾದ ಚಲನೆಯನ್ನು ಪಡೆಯುವ ಈ ವಿದ್ಯೆ ಲಿಂಕ್ ಅವರಿಗೆ ಎಳೆತನದಲ್ಲೇ ಕರಗತವಾಯಿತು.

ಆದರೆ ಮನಸ್ಸು ಇದ್ದದ್ದು ಆಕಾಶದಲ್ಲಿ. 1920ರಲ್ಲಿ, ಹದಿನಾರರ ಹರೆಯದಲ್ಲಿ, ಅವರು ಮೊದಲ ಹಾರಾಟದ ಪಾಠಕ್ಕೆ 50 ಡಾಲರ್ ತೆತ್ತರು. ಪಾಠ ನಡೆದದ್ದು ಕ್ಯಾಲಿಫೋರ್ನಿಯಾದಲ್ಲಿ, ಹಾಸ್ಯನಟ ಚಾರ್ಲಿ ಚಾಪ್ಲಿನ್ ಅವರ ಅಣ್ಣ ಸಿಡ್ನಿ ಚಾಪ್ಲಿನ್ ನಡೆಸುತ್ತಿದ್ದ ವಿಮಾನ ಕಂಪನಿಯಲ್ಲಿ. ಒಂದು ತಾಸಿನ ಹೊತ್ತು ವಿಮಾನ ಪಲ್ಟಿ ಹೊಡೆಯಿತು, ಗಿರಕಿ ತಿರುಗಿತು. ಕೆಳಗಿಳಿದ ಮೇಲೆ ಹುಡುಗನಿಗೆ ಅರಿವಾದದ್ದು ಒಂದೇ ಸಂಗತಿ. ಹಾರಾಟದ ಉದ್ದಕ್ಕೂ ಆತ ಚಾಲನೆಯ ಕೋಲನ್ನು ಮುಟ್ಟಿಯೇ ಇರಲಿಲ್ಲ!

ಆ ಕಾಲದ ಪಾಠಕ್ರಮ ಇದ್ದುದೇ ಹಾಗೆ. ದುಬಾರಿ ಶುಲ್ಕ ತೆತ್ತು, ಗುರುವಿನ ಮುಂದೆಯೋ ಹಿಂದೆಯೋ ಕುಳಿತು, ಎಂಜಿನ್ನಿನ ಅಬ್ಬರದಲ್ಲಿ ಒಂದೂ ಮಾತು ಕೇಳಿಸದೆ ಕಲಿಯಬೇಕಿತ್ತು. ಕಲಿಯುವಾಗ ಆದ ತಪ್ಪಿಗೆ ದಂಡ ಕೆಲವೊಮ್ಮೆ ಪ್ರಾಣವೇ ಆಗಿರುತ್ತಿತ್ತು. ಲಿಂಕ್ ಛಲ ಬಿಡದೆ ಹಾರಾಟ ಕಲಿತರು. ಸೆಸ್ನಾ ಕಂಪನಿ ಗ್ರಾಹಕರಿಗೆ ಒಪ್ಪಿಸಿದ ಮೊಟ್ಟಮೊದಲ ವಿಮಾನದ ಒಡೆಯರೂ ಆದರು. ಊರಿಂದೂರಿಗೆ ಹಾರಿ ಜನರನ್ನು ರಂಜಿಸಿ, ಬಾಡಿಗೆಗೆ ಹಾರಿ, ಪಾಠ ಹೇಳಿ ಹೊಟ್ಟೆ ಹೊರೆದರು. ಹಾರುವುದನ್ನು ನೆಲದ ಮೇಲೆಯೇ, ಕಡಿಮೆ ಖರ್ಚಿನಲ್ಲಿ, ಪ್ರಾಣಭಯವಿಲ್ಲದೆ ಕಲಿಸಲು ಸಾಧ್ಯವಿಲ್ಲವೇ ಎಂಬ ಪ್ರಶ್ನೆ ಮಾತ್ರ ತಲೆಯಿಂದ ಇಳಿಯಲಿಲ್ಲ.

ತಿದಿಯ ಮೇಲೆ ಕುಳಿತ ವಿಮಾನ

1927ರಿಂದ 1929ರ ನಡುವೆ, ತಂದೆಯ ಕಾರ್ಖಾನೆಯ ನೆಲಮಾಳಿಗೆಯಲ್ಲಿ, ಲಿಂಕ್ ಆ ಪ್ರಶ್ನೆಗೆ ಉತ್ತರ ಕಟ್ಟಿದರು. ನೋಡಲು ಅದೊಂದು ಮಕ್ಕಳ ಆಟಿಕೆಯಂತಿತ್ತು. ಮೋಟು ರೆಕ್ಕೆ, ಮೋಟು ಬಾಲ, ಒಬ್ಬರು ಮಾತ್ರ ಕೂರಬಹುದಾದ ಮರದ ಪೆಟ್ಟಿಗೆ. ಎಲ್ಲ ದಿಕ್ಕಿಗೂ ಬಾಗಬಲ್ಲ ಕೀಲಿನ ಮೇಲೆ ಪೆಟ್ಟಿಗೆ ನಿಂತಿತ್ತು. ಅದರಡಿಯಲ್ಲಿ ಇದ್ದದ್ದು ಆರ್ಗನ್ನಿನ ತಿದಿಗಳು!

ಒಳಗೆ ಕುಳಿತವರು ಚಾಲನೆಯ ಕೋಲನ್ನು ಎಳೆದರೆ ಒಂದು ಕವಾಟ ತೆರೆಯುವುದು. ವಿದ್ಯುತ್ ಪಂಪು ಒಂದು ತಿದಿಯಿಂದ ಗಾಳಿ ಹೀರುವುದು, ಇನ್ನೊಂದು ಉಬ್ಬುವುದು. ಪೆಟ್ಟಿಗೆಯ ಮೂತಿ ಮೇಲೇಳುವುದು. ಕೋಲನ್ನು ಬಲಕ್ಕೆ ವಾಲಿಸಿದರೆ ಪೆಟ್ಟಿಗೆ ಬಲಕ್ಕೆ ವಾಲುವುದು, ಕಾಲಿನ ಪೆಡಲ್ ಒತ್ತಿದರೆ ತಿರುಗುವುದು. ಸಂಗೀತಕ್ಕೆಂದು ಹುಟ್ಟಿದ ಯಂತ್ರವಿದ್ಯೆ ಹೀಗೆ ಹಾರಾಟಕ್ಕೆ ಒದಗಿ ಬಂತು.

1929ರಲ್ಲಿ ಸಲ್ಲಿಸಿದ ಅರ್ಜಿಗೆ 1931ರಲ್ಲಿ ಪೇಟೆಂಟ್ ದೊರೆಯಿತು. ಆ ಪೇಟೆಂಟಿನ ಶೀರ್ಷಿಕೆಯನ್ನು ಇಂದಿನ ಸಿಮ್ಯುಲೇಟರ್ ಪ್ರಿಯರು ಗಮನಿಸಬೇಕು. ಕಲಿಯುವ ವಿಮಾನ ಚಾಲಕರ ತರಬೇತಿ ಸಾಧನವೆಂದೂ ಮನರಂಜನೆಯ ಯಂತ್ರವೆಂದೂ ಎರಡನ್ನೂ ಅದರಲ್ಲಿ ಜೋಡಿಸಿ ಹೇಳಲಾಗಿತ್ತು. ಆಟ ಮತ್ತು ಪಾಠ ಬೇರೆಯಲ್ಲವೆಂಬ ತಿಳಿವಳಿಕೆ ಈ ಯಂತ್ರದ ಹುಟ್ಟಿನಲ್ಲೇ ಇತ್ತು.

ಆದರೆ ಕಾಲ ಕೂಡಿ ಬರಲಿಲ್ಲ. ಯಂತ್ರ ಸಿದ್ಧವಾದ ವರ್ಷವೇ ಅಮೆರಿಕದ ಷೇರುಪೇಟೆ ಕುಸಿದು ಮಹಾ ಆರ್ಥಿಕ ಮುಗ್ಗಟ್ಟು ಆರಂಭವಾಯಿತು. ತೆರೆಯ ಮೇಲಿನ ಚಿತ್ರಗಳು ಮಾತನಾಡತೊಡಗಿದ್ದರಿಂದ ಚಿತ್ರಮಂದಿರದ ಆರ್ಗನ್‌ಗಳನ್ನು ಕೇಳುವವರಿಲ್ಲದಾಯಿತು. ಲಿಂಕ್ ತಮ್ಮ ಯಂತ್ರವನ್ನು ಇಟ್ಟುಕೊಂಡು ಹಾರಾಟದ ಶಾಲೆ ತೆರೆದರೂ ವಿದ್ಯಾರ್ಥಿಗಳ ಕೈಯಲ್ಲಿ ಹಣವಿರಲಿಲ್ಲ. ಸೇನೆಯವರಾಗಲೀ ವಿಮಾನ ಕಂಪನಿಗಳಾಗಲೀ ಈ ಪೆಟ್ಟಿಗೆಯತ್ತ ತಿರುಗಿ ನೋಡಲಿಲ್ಲ. ಅದನ್ನು ಕೊಂಡವರು ಮನರಂಜನಾ ಪಾರ್ಕುಗಳವರು. ನಾಣ್ಯ ಹಾಕಿದರೆ ಕೆಲ ನಿಮಿಷ ಹಾರಿದ ಅನುಭವ. ನಮ್ಮ ಜಾತ್ರೆಯ ತಿರುಗುವ ತೊಟ್ಟಿಲಿನ ಪಕ್ಕದಲ್ಲಿ ನಿಲ್ಲಬಹುದಾದ ವಸ್ತುವಾಯಿತು ಅದು.

ಲಿಂಕ್ ಧೃತಿಗೆಡಲಿಲ್ಲ. ವಿಮಾನದ ರೆಕ್ಕೆಯಡಿ ದೀಪಗಳನ್ನು ಸಾಲಾಗಿ ಕಟ್ಟಿ, ಪಿಯಾನೊದ ತೂತು ಕಾಗದದ ಸುರುಳಿಯಿಂದಲೇ ಆ ದೀಪಗಳನ್ನು ಬೆಳಗಿಸಿ ನಂದಿಸಿ, ರಾತ್ರಿಯ ಆಕಾಶದಲ್ಲಿ ಜಾಹೀರಾತು ಬರೆದು ದುಡಿದರು. 1931ರಲ್ಲಿ ಪತ್ರಕರ್ತೆ ಮರಿಯನ್ ಕ್ಲೇಟನ್ ಅವರನ್ನು ವರಿಸಿದರು. ಮುಂದಿನ ಐವತ್ತು ವರ್ಷಗಳ ಏಳುಬೀಳಿನಲ್ಲಿ ಆಕೆ ಜೊತೆಗಿದ್ದರು.

ಮಂಜಿನಿಂದ ಇಳಿದು ಬಂದವರು

ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತೆರೆ ಕಂಡ 1934ನೇ ವರ್ಷವೇ ಲಿಂಕ್ ಅವರ ಅದೃಷ್ಟವನ್ನೂ ಬದಲಿಸಿತು. ಅದಕ್ಕೆ ಕಾರಣವಾದದ್ದು ಮಾತ್ರ ದುರಂತಗಳ ಸರಣಿ.

ಆ ವರ್ಷ ಫೆಬ್ರುವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಖಾಸಗಿ ಕಂಪನಿಗಳ ಅಂಚೆ ಗುತ್ತಿಗೆಯನ್ನು ರದ್ದುಪಡಿಸಿ, ವಿಮಾನ ಅಂಚೆಯ ಹೊಣೆಯನ್ನು ಸೇನೆಗೆ ವಹಿಸಿದರು. ಹಗಲಿನ ತಿಳಿ ಆಕಾಶದಲ್ಲಿ ಹಾರಿ ರೂಢಿಯಿದ್ದ ಸೇನೆಯ ಯುವಕರು ಚಳಿಗಾಲದ ರಾತ್ರಿಗಳಲ್ಲಿ, ಮಂಜು ಹಿಮಗಳ ನಡುವೆ ಹಾರಬೇಕಾಯಿತು. ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಪ್ರಾಣ ತೆತ್ತರು.

ಅವರಿಗೆ ಧೈರ್ಯ ಕಡಿಮೆಯಿರಲಿಲ್ಲ. ಮೋಡದೊಳಗೆ ಹೊಕ್ಕ ಮನುಷ್ಯನಿಗೆ ಮೇಲೆ ಯಾವುದು, ಕೆಳಗೆ ಯಾವುದು ಎಂಬುದೇ ತಿಳಿಯದು. ವಿಮಾನ ವಾಲುತ್ತಿದ್ದರೂ ನೆಟ್ಟಗಿದೆಯೆಂದು ದೇಹ ಸುಳ್ಳು ಹೇಳುತ್ತದೆ. ಆಗ ದೇಹದ ಮಾತನ್ನು ಬದಿಗಿಟ್ಟು, ಎದುರಿನ ಉಪಕರಣಗಳ ಮುಳ್ಳುಗಳನ್ನು ನಂಬಿ ಹಾರಬೇಕು. ಈ ನಂಬಿಕೆ ಅಭ್ಯಾಸದಿಂದಷ್ಟೇ ಬರುವಂಥದ್ದು. ಲಿಂಕ್ ಅಷ್ಟರಲ್ಲಿ ತಮ್ಮ ಪೆಟ್ಟಿಗೆಗೆ ಅಂಥ ಉಪಕರಣಗಳನ್ನು ಅಳವಡಿಸಿ, ಹೊರಗಿನದೇನೂ ಕಾಣದಂತೆ ಮೇಲೆ ಮುಚ್ಚಳ ಹಾಕಿ, ಕುರುಡು ಹಾರಾಟದ ಪಾಠ ಹೇಳತೊಡಗಿದ್ದರು.

ಸೇನಾಧಿಕಾರಿಗಳಿಗೆ ಈ ಯಂತ್ರದ ಮಹತ್ವ ವಿವರಿಸಲು ನ್ಯೂಯಾರ್ಕ್ ನಗರದ ಸಮೀಪದ ನ್ಯೂಆರ್ಕ್ ವಿಮಾನ ನಿಲ್ದಾಣದಲ್ಲಿ ಭೇಟಿ ಏರ್ಪಟ್ಟಿತು. ಅಂದು ದಟ್ಟ ಮಂಜು ಕವಿದಿತ್ತು. ಇಂಥ ಹವೆಯಲ್ಲಿ ಯಾರು ಬಂದಾರು ಎಂದು ಅಧಿಕಾರಿಗಳು ಹೊರಡುವುದರಲ್ಲಿದ್ದಾಗ ಮಂಜಿನೊಳಗಿಂದ ಎಂಜಿನ್ನಿನ ಸದ್ದು ಕೇಳಿತು. ಬಿಂಗ್‌ಹ್ಯಾಂಟನ್‌ನಿಂದ ಉಪಕರಣಗಳನ್ನಷ್ಟೇ ನಂಬಿ ಹಾರಿ ಬಂದ ಲಿಂಕ್ ಅವರ ವಿಮಾನ ನೆಲಕ್ಕಿಳಿಯಿತು. ಇನ್ನು ವಿವರಿಸುವುದೇನು ಉಳಿದಿತ್ತು? ಸೇನೆ ತಲಾ 3,500 ಡಾಲರ್ ಬೆಲೆಗೆ ಆರು ಯಂತ್ರಗಳನ್ನು ಕೊಂಡಿತು. ಜಾತ್ರೆಯ ಆಟಿಕೆ ಸೇನೆಯ ಪಾಠಶಾಲೆಯಾಯಿತು.

ನೀಲಿ ಪೆಟ್ಟಿಗೆಯ ಯುದ್ಧ

ಎರಡನೆಯ ಮಹಾಯುದ್ಧದ ವೇಳೆಗೆ ಲಿಂಕ್ ತರಬೇತಿ ಯಂತ್ರ ಅಮೆರಿಕ, ಬ್ರಿಟನ್ ಹಾಗೂ ಕಾಮನ್‌ವೆಲ್ತ್ ವಾಯುಪಡೆಗಳಲ್ಲಿ ಮನೆಮಾತಾಗಿತ್ತು. ಬಣ್ಣದಿಂದಾಗಿ ಅದಕ್ಕೆ ನೀಲಿ ಪೆಟ್ಟಿಗೆಯೆಂಬ ಅಡ್ಡಹೆಸರು ಬಂತು. ಪೆಟ್ಟಿಗೆಯ ಹೊರಗೆ ಮೇಜಿನ ಮುಂದೆ ಶಿಕ್ಷಕರು ಕೂರುತ್ತಿದ್ದರು. ಮೇಜಿನ ಮೇಲೆ ಹಾಸಿದ ನಕ್ಷೆಯ ಮೇಲೆ, ಏಡಿ ಎಂದೇ ಕರೆಸಿಕೊಂಡ ಪುಟ್ಟ ಗಾಲಿಯಂತ್ರವೊಂದು ಶಾಯಿಯ ಗೆರೆ ಎಳೆಯುತ್ತ ಸಾಗುತ್ತಿತ್ತು. ಒಳಗಿದ್ದವರು ದಾರಿ ತಪ್ಪಿದರೆ ಆ ತಪ್ಪು ಕಾಗದದ ಮೇಲೆ ಮೂಡುತ್ತಿತ್ತು. ಮುಚ್ಚಳ ತೆರೆದ ಮೇಲೆ ಗುರುಶಿಷ್ಯರು ಒಟ್ಟಿಗೆ ಕುಳಿತು ಆ ಗೆರೆಯನ್ನು ನೋಡಿ ಚರ್ಚಿಸುತ್ತಿದ್ದರು. ನಿಜವಾದ ಬೆಟ್ಟಕ್ಕೆ ಅಪ್ಪಳಿಸಿದವರೊಂದಿಗೆ ಇಂಥ ಚರ್ಚೆ ಸಾಧ್ಯವೇ?

ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 10 ಸಾವಿರ ನೀಲಿ ಪೆಟ್ಟಿಗೆಗಳು ತಯಾರಾಗಿದ್ದವು. ಐದು ಲಕ್ಷಕ್ಕೂ ಹೆಚ್ಚು ವಾಯುಯೋಧರು ಅವುಗಳಲ್ಲಿ ಕುಳಿತು ಕಲಿತಿದ್ದರು. ನಕ್ಷತ್ರ ನೋಡಿ ದಾರಿ ಕಂಡುಕೊಳ್ಳುವುದನ್ನು ಕಲಿಸಲು, ಎತ್ತರದ ಗೋಪುರದೊಳಗೆ ಕೃತಕ ಆಕಾಶವನ್ನೇ ನಿರ್ಮಿಸಿದ ಯಂತ್ರವನ್ನೂ ಲಿಂಕ್ ರೂಪಿಸಿಕೊಟ್ಟರು. ಆದರೆ ವಿದ್ಯೆಗೆ ಗಡಿಯಿಲ್ಲ. ಯುದ್ಧಕ್ಕೆ ಕೆಲ ವರ್ಷ ಮುಂಚೆ, 1935ರಲ್ಲಿ, ಈ ಯಂತ್ರವನ್ನು ಕೊಂಡ ಮೊದಲ ಹೊರದೇಶ ಜಪಾನ್ ಆಗಿತ್ತು ಎಂಬುದು ಇತಿಹಾಸದ ವ್ಯಂಗ್ಯ.

1954ರಲ್ಲಿ ಲಿಂಕ್ ತಮ್ಮ ಕಂಪನಿಯನ್ನು ಮಾರಿದರೂ ಅದು ಅವರ ಹೆಸರಿನಲ್ಲೇ ಮುಂದುವರಿಯಿತು. ಚಂದ್ರನತ್ತ ಹೊರಟ ಅಪೋಲೊ ಗಗನಯಾತ್ರಿಗಳು ಅಭ್ಯಾಸ ಮಾಡಿದ್ದು ಆ ಸಂಸ್ಥೆ ತಯಾರಿಸಿದ ಸಿಮ್ಯುಲೇಟರ್‌ಗಳಲ್ಲಿ. 1970ರಲ್ಲಿ ಅಪೋಲೊ 13 ನೌಕೆ ಮಾರ್ಗಮಧ್ಯದಲ್ಲಿ ಕೆಟ್ಟಾಗ, ಅವರನ್ನು ಮರಳಿ ತರುವ ಹಂತಗಳನ್ನು ಭೂಮಿಯ ಮೇಲಿನ ಸಿಮ್ಯುಲೇಟರ್‌ಗಳಲ್ಲಿ ಮೊದಲು ಮಾಡಿ ನೋಡಲಾಯಿತು.

ಆಕಾಶ ಬಿಟ್ಟು ಕಡಲಿಗೆ

ಐವತ್ತು ತುಂಬಿದ ಮೇಲೆ, ಹಣವೂ ಹೆಸರೂ ಇದ್ದಾಗ, ಬಹುಪಾಲು ಜನ ವಿಶ್ರಾಂತಿ ಬಯಸುತ್ತಾರೆ. ಲಿಂಕ್ ಕಡಲಿಗಿಳಿದರು. ಪತ್ನಿಯೊಡನೆ ಹಡಗಿನಲ್ಲಿ ಸುತ್ತುತ್ತ ಮುಳುಗಿದ ಹಡಗುಗಳನ್ನೂ ಊರುಗಳನ್ನೂ ಹುಡುಕತೊಡಗಿದರು. 1692ರ ಭೂಕಂಪದಲ್ಲಿ ಕಡಲು ಸೇರಿದ್ದ ಜಮೈಕಾದ ಪೋರ್ಟ್ ರಾಯಲ್ ಪಟ್ಟಣದಿಂದ ಅವರ ತಂಡ 1959ರಲ್ಲಿ ಮೇಲೆತ್ತಿದ ವಸ್ತುಗಳಲ್ಲಿ ಒಂದು ಹಿತ್ತಾಳೆಯ ಗಡಿಯಾರವಿತ್ತು. ಎಕ್ಸ್‌ರೇ ಹಾಯಿಸಿ ನೋಡಿದಾಗ ಅದರ ಮುಳ್ಳುಗಳು ನಿಂತಿದ್ದ ಹೊತ್ತು ತಿಳಿಯಿತು: 11 ಗಂಟೆ 43 ನಿಮಿಷ.

ಕಡಲಿನಾಳದಲ್ಲಿ ಮನುಷ್ಯ ದೀರ್ಘಕಾಲ ಉಳಿಯಬಲ್ಲನೇ ಎಂಬುದು ಅವರ ಮುಂದಿನ ಪ್ರಶ್ನೆಯಾಯಿತು. 1962ರಲ್ಲಿ ಫ್ರಾನ್ಸ್ ಕರಾವಳಿಯಲ್ಲಿ ತಾವು ರೂಪಿಸಿದ ಲೋಹದ ಕೊಳವೆಯಲ್ಲಿ ಮೊದಲು ತಾವೇ ಕುಳಿತು 60 ಅಡಿ ಆಳದಲ್ಲಿ ಎಂಟು ತಾಸು ಕಳೆದರು. ಆ ಬಳಿಕ ಬೆಲ್ಜಿಯಂನ ರಾಬರ್ಟ್ ಸ್ಟೆನ್ವಿ 200 ಅಡಿ ಆಳದಲ್ಲಿ ಒಂದು ದಿನಕ್ಕೂ ಹೆಚ್ಚು ಕಾಲ ಇದ್ದು ಬಂದರು. 1964ರಲ್ಲಿ ಬಹಾಮಾಸ್ ಬಳಿ ಸ್ಟೆನ್ವಿ ಮತ್ತು ಜಾನ್ ಲಿಂಡ್‌ಬರ್ಗ್ 432 ಅಡಿ ಆಳದಲ್ಲಿ ಎರಡು ದಿನ ಕಳೆದರು. ಈ ಜಾನ್, ಅಟ್ಲಾಂಟಿಕ್ ಸಾಗರವನ್ನು ಒಬ್ಬಂಟಿಯಾಗಿ ಹಾರಿ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್ ಅವರ ಪುತ್ರ.

1971ರಲ್ಲಿ ಉದ್ಯಮಿ ಸೆವಾರ್ಡ್ ಜಾನ್ಸನ್ ಅವರ ಸಹಯೋಗದಲ್ಲಿ ಲಿಂಕ್ ರೂಪಿಸಿದ ಪುಟ್ಟ ಜಲಾಂತರ್ಗಾಮಿ ಸಿದ್ಧವಾಯಿತು. ಇಬ್ಬರ ಹೆಸರನ್ನೂ ಜೋಡಿಸಿ ಅದಕ್ಕೆ ಜಾನ್ಸನ್ ಸೀ ಲಿಂಕ್ ಎಂದು ಹೆಸರಿಟ್ಟರು. ಮುಂಭಾಗದಲ್ಲಿ ಸುತ್ತಲೂ ಕಾಣುವ ಪಾರದರ್ಶಕ ಅಕ್ರಿಲಿಕ್ ಗೋಳ. ಹಿಂಭಾಗದಲ್ಲಿ ಮುಳುಗುಗಾರರಿಗೆಂದು ಅಲ್ಯೂಮಿನಿಯಂ ಕೋಣೆ.

1973ರ ಜೂನ್ ತಿಂಗಳು

1973ರ ಜೂನ್ 17ರಂದು ಫ್ಲಾರಿಡಾದ ಕೀ ವೆಸ್ಟ್ ಸಮೀಪ ಆ ನೌಕೆ ನಾಲ್ವರನ್ನು ಹೊತ್ತು ನೀರಿಗಿಳಿಯಿತು. ಕೃತಕ ಬಂಡೆಯಾಗಲೆಂದು ಅಲ್ಲಿ ಮುಳುಗಿಸಿದ್ದ ಹಳೆಯ ಯುದ್ಧನೌಕೆ ಫ್ರೆಡ್ ಟಿ. ಬೆರಿಯ ಬಳಿ ಮೀನಿನ ಬೋನೊಂದನ್ನು ತರುವುದು ಅಂದಿನ ಕೆಲಸ. ಅಪಾಯದ್ದೆಂದು ಯಾರೂ ಎಣಿಸದ ಕೆಲಸ. ಹಿಂದಿನ ಅಲ್ಯೂಮಿನಿಯಂ ಕೋಣೆಯಲ್ಲಿದ್ದವರು ಅನುಭವಿ ಮುಳುಗುಗಾರ ಆಲ್ಬರ್ಟ್ ಸ್ಟೋವರ್ ಹಾಗೂ ಲಿಂಕ್ ದಂಪತಿಯ ಪುತ್ರ, 31 ವರ್ಷದ ಎಡ್ವಿನ್ ಕ್ಲೇಟನ್ ಲಿಂಕ್.

ಸುಮಾರು 360 ಅಡಿ ಆಳದಲ್ಲಿ ಜಲಾಂತರ್ಗಾಮಿ ಹಳೆಯ ಹಡಗಿನ ಅವಶೇಷಗಳಿಗೆ ಸಿಕ್ಕಿಬಿತ್ತು. ನೌಕಾಪಡೆಯ ಮುಳುಗುಗಾರರ ಯತ್ನಗಳು ವಿಫಲವಾದವು. ಉಸಿರು ಬಿಟ್ಟ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರುವ ರಾಸಾಯನಿಕ ಒಳಗಿತ್ತು. ಆದರೆ ಅಲ್ಯೂಮಿನಿಯಂ ಹೊರಗಿನ ಶೀತವನ್ನು ಒಳಕ್ಕೆ ಬಿಟ್ಟುಕೊಡುತ್ತದೆ. ಚಳಿಗೆ ರಾಸಾಯನಿಕದ ಶಕ್ತಿ ಕುಂದಿತು. ಅಕ್ರಿಲಿಕ್ ಗೋಳದೊಳಗೆ ಅಷ್ಟು ಚಳಿಯಿರಲಿಲ್ಲ. ಮೂವತ್ತು ತಾಸುಗಳಿಗೂ ಹೆಚ್ಚು ಕಾಲ ಕಳೆದು ನೌಕೆಯನ್ನು ಮೇಲೆತ್ತಿದಾಗ ಮುಂದಿನ ಇಬ್ಬರು ಬದುಕಿದ್ದರು. ಹಿಂದಿನ ಇಬ್ಬರು ಬದುಕುಳಿಯಲಿಲ್ಲ.

ಇತರರ ಮಕ್ಕಳು ಕಲಿಯುವಾಗ ಸಾಯದಿರಲಿ ಎಂದು ಪೆಟ್ಟಿಗೆ ಕಟ್ಟಿದ ವ್ಯಕ್ತಿಯ ಮಗ, ಅದೇ ವ್ಯಕ್ತಿ ರೂಪಿಸಿದ ಇನ್ನೊಂದು ಪೆಟ್ಟಿಗೆಯಲ್ಲಿ ಪ್ರಾಣ ಬಿಟ್ಟ. ಎರಡು ವಸ್ತುಗಳ, ಎರಡು ಕೋಣೆಗಳ ವ್ಯತ್ಯಾಸ ಎಂಥದ್ದೆಂದು ಯಾವ ಅಭ್ಯಾಸವೂ ಮುಂಚಿತವಾಗಿ ತೋರಿಸಿಕೊಟ್ಟಿರಲಿಲ್ಲ. ನೆಲದ ಮೇಲೆ ಮಾಡಿ ನೋಡದೇ ಹೋದ ತಪ್ಪು ಕಡಲಿನಾಳದಲ್ಲಿ ಎದುರಾಗಿತ್ತು.

ಆಗ ಲಿಂಕ್ ಅವರಿಗೆ 68 ವರ್ಷ. ಅವರು ಕೈಕಟ್ಟಿ ಕೂರಲಿಲ್ಲ, ಕಡಲನ್ನು ಶಪಿಸಿ ದೂರ ಸರಿಯಲೂ ಇಲ್ಲ. ಸಿಕ್ಕಿಬಿದ್ದ ಜಲಾಂತರ್ಗಾಮಿಯ ಬಳಿಗೆ ಮನುಷ್ಯರಿಲ್ಲದೆ ಇಳಿದು, ಕ್ಯಾಮೆರಾದಿಂದ ನೋಡಿ, ತೊಡಕು ಬಿಡಿಸಬಲ್ಲ ರಕ್ಷಣಾ ಸಾಧನವನ್ನು ರೂಪಿಸುವ ಕೆಲಸಕ್ಕೆ ತೊಡಗಿದರು. ಮಗನ ಸಾವಿಗೆ ಆ ತಂದೆ ಸಲ್ಲಿಸಿದ ತರ್ಪಣ ಅದು.

1981ರ ಸೆಪ್ಟೆಂಬರ್ 7ರಂದು ಬಿಂಗ್‌ಹ್ಯಾಂಟನ್‌ನಲ್ಲಿ ಎಡ್ವಿನ್ ಲಿಂಕ್ ನಿಧನರಾದರು. ಆ ಊರಿನ ವಿಮಾನ ನಿಲ್ದಾಣ ಇಂದು ಅವರ ಹೆಸರನ್ನು ಹೊತ್ತಿದೆ. 1986ರಲ್ಲಿ ಚಾಲೆಂಜರ್ ಗಗನನೌಕೆ ಸಿಡಿದು ಏಳು ಮಂದಿ ಮಡಿದಾಗ, ಅಟ್ಲಾಂಟಿಕ್ ತಳದಲ್ಲಿ ಅದರ ಅವಶೇಷ ಹುಡುಕಲು ನೆರವಾದವು ಜಾನ್ಸನ್ ಸೀ ಲಿಂಕ್ ನೌಕೆಗಳು. ಗಗನನೌಕೆಯ ತರಬೇತಿಯ ಸಿಮ್ಯುಲೇಟರ್ ತಯಾರಾದದ್ದೂ ಲಿಂಕ್ ಹೆಸರಿನ ಸಂಸ್ಥೆಯಲ್ಲಿಯೇ.

ಮೇಜಿನ ಮೇಲಿನ ಆಕಾಶ

ಲಿಂಕ್ ಅವರ ಕೊನೆಯ ದಿನಗಳಲ್ಲಿ ಹಾರಾಟದ ಆಟ ಆಗಲೇ ಮನೆಯ ಕಂಪ್ಯೂಟರ್ ಹೊಕ್ಕಿತ್ತು. ಅಮೆರಿಕದ ಬ್ರೂಸ್ ಆರ್ಟ್‌ವಿಕ್ ಆ್ಯಪಲ್ ಕಂಪ್ಯೂಟರಿಗಾಗಿ ಗೆರೆಗಳಿಂದಲೇ ಬೆಟ್ಟ, ಬಯಲು ಮೂಡಿಸಿದ ಕಾರ್ಯಕ್ರಮ ಬರೆದಿದ್ದರು. ಅದರ ಮುಂದಿನ ಅವತಾರವಾಗಿ 1982ರಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಬಂತು. ತಿದಿಯ ಜಾಗಕ್ಕೆ ಗಣಿತ ಬಂತು, ಮುಚ್ಚಳದ ಜಾಗಕ್ಕೆ ಪರದೆ ಬಂತು. ಆದರೆ ಪೇಟೆಂಟಿನಲ್ಲಿ ಅಂದು ಜೋಡಿಸಿದ್ದ ಎರಡು ಉದ್ದೇಶಗಳು, ಕಲಿಕೆ ಮತ್ತು ಮನರಂಜನೆ, ಜೊತೆಗೇ ಉಳಿದವು.

ಕರ್ನಾಟಕಕ್ಕೂ ಈ ಪರಂಪರೆ ದೂರದ್ದಲ್ಲ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ ಎಡಿಇ, ಸಿಮ್ಯುಲೇಟರ್ ನಿರ್ಮಾಣವನ್ನು ತನ್ನ ಮುಖ್ಯ ಕೆಲಸಗಳಲ್ಲಿ ಒಂದಾಗಿ ನಡೆಸಿಕೊಂಡು ಬಂದಿದೆ. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ನಮ್ಮ ಹಗುರ ಯುದ್ಧವಿಮಾನವನ್ನು ಬೆಂಗಳೂರಿನ ಆಕಾಶಕ್ಕೆ ಮೊದಲ ಬಾರಿ ಏರಿಸಿದರು. ಮುಂದೆ ತೇಜಸ್ ಎಂದು ಹೆಸರಾದ ಆ ವಿಮಾನವನ್ನು ಅದಕ್ಕೂ ಮುನ್ನ ಸಿಮ್ಯುಲೇಟರ್‌ನಲ್ಲಿ ಮತ್ತೆ ಮತ್ತೆ ಹಾರಿಸಿ ನೋಡಲಾಗಿತ್ತು. ಮೊದಲ ಹಾರಾಟ ನಿಜವಾಗಿ ಮೊದಲನೆಯದಾಗಿರಲಿಲ್ಲ. ಲಿಂಕ್ ಬಯಸಿದ್ದು ಇದನ್ನೇ.

ಮಕ್ಕಳು ಪರದೆಯ ಮುಂದೆ ಹೊತ್ತು ಕಳೆಯುತ್ತಾರೆಂದು ಹೆತ್ತವರು ಬೇಸರಪಡುವುದು ಸಹಜ. ಆ ಬೇಸರದಲ್ಲಿ ಸತ್ಯವೂ ಇದೆ. ಆದರೆ ಸಿಮ್ಯುಲೇಟರ್ ಮುಂದೆ ಕುಳಿತವರು ಬಿದ್ದ ಮೇಲೆ ಏಕೆ ಬಿದ್ದೆವೆಂದು ಒಮ್ಮೆ ಯೋಚಿಸಿದರೆ, ಏಡಿಯ ಶಾಯಿಗೆರೆಯ ಮುಂದೆ ಕುಳಿತ ಆ ಗುರುಶಿಷ್ಯರ ಸಾಲಿಗೆ ಸೇರುತ್ತಾರೆ. ಯೋಚಿಸದೆ ಗುಂಡಿ ಒತ್ತಿ ಮುಂದೆ ಹೋದರೆ ಅದು ಬರಿಯ ಆಟ.

ತಾಳಬೆಟ್ಟದಿಂದ ಮೇಲಕ್ಕೆ ಹತ್ತುವ ಬಸ್ಸಿನ ಚಾಲಕನಿಗೆ ಆ ಗುಂಡಿಯ ಸೌಲಭ್ಯವಿಲ್ಲ. ಆತನ ಹಿಂದೆ ಹರಕೆ ಹೊತ್ತವರು, ಕೂಸು ಎತ್ತಿಕೊಂಡವರು, ಬೆಟ್ಟ ಬರುವವರೆಗೆ ನಿದ್ದೆ ಹೋದವರು ಇದ್ದಾರೆ. ಮುಂದಿನ ಸೀಟಿನಲ್ಲಿ ಕಣ್ಣರಳಿಸಿ ಕುಳಿತ ಹುಡುಗರಲ್ಲಿ ಯಾರಾದರೂ ಒಂದು ದಿನ ಆ ಸ್ಟಿಯರಿಂಗ್ ಹಿಡಿಯಬಹುದು, ವಿಮಾನವನ್ನೇ ಏರಬಹುದು. ಅಷ್ಟರೊಳಗೆ ಅವರು ಮಾಡಬೇಕಾದ ತಪ್ಪುಗಳೆಲ್ಲ ಯಾರ ಪ್ರಾಣಕ್ಕೂ ಎರವಾಗದ ಜಾಗದಲ್ಲಿ ಮುಗಿದುಹೋಗಿದ್ದರೆ, ಪಿಯಾನೊ ಕಾರ್ಖಾನೆಯ ನೆಲಮಾಳಿಗೆಯಲ್ಲಿ ಲಿಂಕ್ ಪಟ್ಟ ಶ್ರಮ ಸಾರ್ಥಕ.